ಪೈಪೋಟಿಯ ಅಂಗಳದಲ್ಲಿ ಕ್ರಿಸ್ತವಿಶ್ವಾಸಿ

ಪೈಪೋಟಿ ಕ್ರೈಸ್ತರ ಬದುಕಿಗೆ ಹೊರಗಿನಿಂದ ನುಗ್ಗಿ ಬಂದ ಪೀಡೆಯಲ್ಲ. ಯೇಸುವಿನ ಹನ್ನೆರಡು ಮಂದಿ ಶಿಷ್ಯರ ನಡುವೆಯೇ ಅದು ಇತ್ತು. ಕಪೆರ್ನೌಮಿಗೆ ಹೋಗುವ ದಾರಿಯುದ್ದಕ್ಕೂ ಅವರು ತಮ್ಮಲ್ಲಿ ಯಾರು ದೊಡ್ಡವರು ಎಂದು ವಾದಿಸಿಕೊಂಡು ಬಂದರು. ಮನೆ ಸೇರಿದ ಮೇಲೆ, ದಾರಿಯಲ್ಲಿ ಏನು ಮಾತಾಡುತ್ತಿದ್ದಿರಿ ಎಂದು ಯೇಸು ಕೇಳಿದಾಗ ಒಬ್ಬರೂ ಬಾಯಿ ಬಿಡಲಿಲ್ಲ. ಮುಂದೊಂದು ದಿನ ಜೆಬೆದಾಯನ ಮಕ್ಕಳಾದ ಯಾಕೋಬ, ಯೋಹಾನರು ನೇರವಾಗಿ ಬಂದು, ಬರಲಿರುವ ರಾಜ್ಯದಲ್ಲಿ ಬಲಗಡೆಯ ಪೀಠ ಒಬ್ಬನಿಗೆ, ಎಡಗಡೆಯದು ಇನ್ನೊಬ್ಬನಿಗೆ ಬೇಕೆಂದು ಬೇಡಿದರು. ಮತ್ತಾಯನ ಸುವಾರ್ತೆಯ ಪ್ರಕಾರ ಮಕ್ಕಳ ಪರವಾಗಿ ಬೇಡಿದವಳು ಅವರ ತಾಯಿ. ಉಳಿದ ಹತ್ತು ಮಂದಿಗೆ ಇದು ಗೊತ್ತಾಗಿ ಸಿಟ್ಟು ಬಂತು. ಕೊನೆಯ ಭೋಜನದ ಹೊತ್ತಿನಲ್ಲೂ ಅದೇ ಜಗಳ ಮತ್ತೆ ಎದ್ದಿತೆಂದು ಲೂಕ ಬರೆದಿದ್ದಾನೆ. ಸಭೆಯ ಹಿರಿಯರ ಈ ದೌರ್ಬಲ್ಯವನ್ನು ಸುವಾರ್ತೆಗಳನ್ನು ಬರೆದವರು ಮುಚ್ಚಿಡಲಿಲ್ಲ. ಮುಂದಿನ ತಲೆಮಾರುಗಳಿಗೂ ಇದೇ ಕಾಯಿಲೆ ಬರುತ್ತದೆಂದು ಅವರಿಗೆ ತಿಳಿದಿತ್ತು.

ಬಂದಿದೆ. ಭಾನುವಾರದ ಆರಾಧನೆಯಲ್ಲಿ ನಾವು ಕಡೆಯವರಿಗೆ ಮೊದಲ ಜಾಗ ಸಿಗುವ ದೇವರ ರಾಜ್ಯದ ಬಗ್ಗೆ ಪ್ರಸಂಗ ಕೇಳುತ್ತೇವೆ. ಸೋಮವಾರ ಕಚೇರಿಗೆ ಹೋದರೆ ಟಾರ್ಗೆಟ್, ಅಪ್ರೈಸಲ್, ಬಡ್ತಿ. ಮನೆಯಲ್ಲಿ ಮಗಳ ಪಿಯುಸಿ ಅಂಕಪಟ್ಟಿ, ಸಿಇಟಿ ರ್‍ಯಾಂಕು. ಅಂಗಡಿ ಇಟ್ಟವನಿಗೆ ಎದುರು ಸಾಲಿನಲ್ಲಿ ಹೊಸದಾಗಿ ತೆರೆದ ಅಂಗಡಿಯ ಚಿಂತೆ. ಸಭೆಯೂ ಇದರಿಂದ ದೂರ ಉಳಿದಿಲ್ಲ: ಭಾನುವಾರದ ಶಾಲೆಯ ಮಕ್ಕಳಿಗೆ ವಾಕ್ಯಗಳ ಕಂಠಪಾಠ ಸ್ಪರ್ಧೆ ಇಡುತ್ತೇವೆ, ಮೊದಲ ಬಹುಮಾನ ಕೊಡುತ್ತೇವೆ, ಎರಡನೆಯದಕ್ಕೆ ತೃಪ್ತಿಪಡದ ಮಗು ಅಳುವುದನ್ನೂ ನೋಡುತ್ತೇವೆ. ಹಾಗಾದರೆ ವಿಶ್ವಾಸಿಯಾದವನು ಗೆಲ್ಲಲು ಹೆಣಗಬಹುದೇ? ಹೆಣಗುವುದು ಪಾಪವೇ, ಹೆಣಗದಿರುವುದು ಸೋಮಾರಿತನವೇ?

ಸತ್ಯವೇದವನ್ನೂ ಸಭೆಯ ಚರಿತ್ರೆಯನ್ನೂ ಇಟ್ಟುಕೊಂಡು ನೋಡಿದರೆ ಈ ಪ್ರಶ್ನೆಗೆ ಸಾಕಷ್ಟು ಸ್ಪಷ್ಟವಾದ ಉತ್ತರ ಸಿಗುತ್ತದೆ. ಶ್ರಮಕ್ಕೆ, ಜಾಣ್ಮೆಗೆ, ಚೆನ್ನಾಗಿ ಮಾಡಬೇಕೆಂಬ ಆಸೆಗೆ ಕ್ರಿಸ್ತವಿಶ್ವಾಸ ಅಡ್ಡ ಬರುವುದಿಲ್ಲ. ಗೆದ್ದರೆ ಮಾತ್ರ ನನಗೆ ಬೆಲೆ, ಪಕ್ಕದವನು ಸೋತರೆ ಮಾತ್ರ ನನ್ನ ಏಳಿಗೆ ಎಂಬ ಲೆಕ್ಕಕ್ಕೆ ಅದು ಅಡ್ಡ ನಿಲ್ಲುತ್ತದೆ. ಮನುಷ್ಯನ ಬೆಲೆ ಕೃಪೆಯಿಂದ ಮೊದಲೇ ತೀರ್ಮಾನವಾಗಿದೆ ಎಂದು ನಂಬುವವನಿಗೆ, ಆ ಬೆಲೆಯನ್ನು ಓಟದ ಕೊನೆಯಲ್ಲಿ ಸಂಪಾದಿಸುವ ಅಗತ್ಯ ಉಳಿಯುವುದಿಲ್ಲ. ಅಗತ್ಯ ಹೋದ ಮೇಲೆ ಅವನು ಇನ್ನೂ ಚೆನ್ನಾಗಿ ಓಡಬಲ್ಲ.

ದ್ರಾಕ್ಷೇತೋಟ ಮತ್ತು ತಲಾಂತು

ಜೆಬೆದಾಯನ ಮಕ್ಕಳಿಗೆ ಯೇಸು ಕೊಟ್ಟ ಉತ್ತರವನ್ನು ಗಮನಿಸಿ. ದೊಡ್ಡವರಾಗಲು ಆಸೆಪಟ್ಟದ್ದೇ ತಪ್ಪೆಂದು ಅವರು ಗದರಲಿಲ್ಲ. ಅನ್ಯಜನರ ಅಧಿಪತಿಗಳು ದೊಡ್ಡಸ್ತಿಕೆ ಮಾಡುವ ರೀತಿಯನ್ನು ನೆನಪಿಸಿ, ನಿಮ್ಮಲ್ಲಿ ದೊಡ್ಡವನಾಗಬೇಕೆಂದಿರುವವನು ಎಲ್ಲರ ಸೇವೆಗೆ ನಿಲ್ಲಲಿ ಎಂದರು. ಆಸೆ ಹಾಗೆಯೇ ಉಳಿಯಿತು, ಅದು ಹೋಗಬೇಕಾದ ದಿಕ್ಕು ಬದಲಾಯಿತು.

ಮತ್ತಾಯನ ಸುವಾರ್ತೆಯಲ್ಲಿರುವ ಎರಡು ಸಾಮ್ಯಗಳನ್ನು ಒಟ್ಟಿಗೆ ಓದಿದರೆ ಈ ದಿಕ್ಕು ಇನ್ನಷ್ಟು ತಿಳಿಯಾಗುತ್ತದೆ. ಇಪ್ಪತ್ತನೆಯ ಅಧ್ಯಾಯದಲ್ಲಿ ದ್ರಾಕ್ಷೇತೋಟದ ಯಜಮಾನ ಬೆಳಗಿನ ಜಾವ ಕೂಲಿಗಳನ್ನು ಕರೆಯುತ್ತಾನೆ. ಒಂಬತ್ತಕ್ಕೆ, ಮಧ್ಯಾಹ್ನಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಇನ್ನಷ್ಟು ಮಂದಿಯನ್ನು ಕರೆಯುತ್ತಾನೆ. ಕೂಲಿ ಬಟವಾಡೆಯ ಹೊತ್ತಿಗೆ ಎಲ್ಲರಿಗೂ ಸಮನಾಗಿ ಒಂದು ದಿನದ ಪೂರ್ತಿ ಕೂಲಿ. ಬೆಳಗಿನಿಂದ ದುಡಿದವರು ಗೊಣಗುತ್ತಾರೆ. ಅವರಿಗೆ ಒಪ್ಪಿದ ಕೂಲಿಯಲ್ಲಿ ಒಂದು ಕಾಸೂ ಕಡಿಮೆಯಾಗಿರಲಿಲ್ಲ. ಸಂಜೆ ಬಂದವನ ಕೈಯಲ್ಲಿದ್ದ ನಾಣ್ಯವನ್ನು ನೋಡುವ ತನಕ ಅವರಿಗೆ ನೋವೂ ಇರಲಿಲ್ಲ. ಸಂಬಳ ಹೆಚ್ಚಾದ ದಿನ ಸಂತೋಷದಿಂದ ಇದ್ದವನು, ಸಹೋದ್ಯೋಗಿಗೆ ಇನ್ನೂ ಹೆಚ್ಚಾಗಿದೆ ಎಂದು ಗೊತ್ತಾದೊಡನೆ ಊಟ ಸೇರದೆ ಕೂರುತ್ತಾನಲ್ಲ, ಈ ಸಾಮ್ಯ ಹೇಳುವುದು ಆ ನೋವಿನ ಬಗ್ಗೆ.

ಇದನ್ನೊಂದನ್ನೇ ಓದಿದವರು, ದುಡಿದರೂ ಒಂದೇ ದುಡಿಯದಿದ್ದರೂ ಒಂದೇ ಎಂದುಕೊಂಡಾರು. ಇಪ್ಪತ್ತೈದನೆಯ ಅಧ್ಯಾಯದ ತಲಾಂತುಗಳ ಸಾಮ್ಯ ಅದಕ್ಕೆ ಎಡೆ ಕೊಡುವುದಿಲ್ಲ. ಯಜಮಾನ ಊರಿಗೆ ಹೊರಡುವ ಮುಂಚೆ ಮೂವರು ಆಳುಗಳಿಗೆ ಅವರವರ ಸಾಮರ್ಥ್ಯ ನೋಡಿ ಐದು, ಎರಡು, ಒಂದು ತಲಾಂತು ಹಣ ಕೊಡುತ್ತಾನೆ. ಐದು ಪಡೆದವನು ಇನ್ನೂ ಐದು ಗಳಿಸುತ್ತಾನೆ, ಎರಡು ಪಡೆದವನು ಎರಡು. ಒಂದು ಪಡೆದವನು ಹೆದರಿ ನೆಲದಲ್ಲಿ ಹೂಳುತ್ತಾನೆ, ಹಾಗೆ ಮಾಡಿದ್ದಕ್ಕೆ ಕಠಿಣವಾದ ಮಾತು ಕೇಳುತ್ತಾನೆ. ಸಾಮಾನ್ಯವಾಗಿ ಪ್ರಸಂಗಗಳು ಈ ಮೂರನೆಯವನ ಮೇಲೆಯೇ ನಿಲ್ಲುತ್ತವೆ. ನಾನು ಓದುಗರಿಗೆ ಮೊದಲ ಇಬ್ಬರನ್ನು ತೋರಿಸಬಯಸುತ್ತೇನೆ. ಐದು ಗಳಿಸಿದವನಿಗೂ ಎರಡು ಗಳಿಸಿದವನಿಗೂ ಯಜಮಾನ ಆಡುವ ಮೆಚ್ಚುಗೆಯ ಮಾತು ಅಕ್ಷರಕ್ಕೆ ಅಕ್ಷರ ಒಂದೇ. ಅವರಲ್ಲಿ ಪ್ರಥಮ, ದ್ವಿತೀಯ ಎಂಬುದಿಲ್ಲ. ಕೈಯಲ್ಲಿದ್ದುದನ್ನು ಏನು ಮಾಡಿದೆ ಎಂಬ ಪ್ರಶ್ನೆ ಉಂಟು, ಪಕ್ಕದವನಿಗಿಂತ ಎಷ್ಟು ಮಾಡಿದೆ ಎಂಬ ಪ್ರಶ್ನೆ ಇಲ್ಲ.

ಕೊರಿಂಥದ ಓಟಗಾರರು

ಆಟದ ಅಂಗಳವನ್ನು ಕ್ರೈಸ್ತರ ಮಾತಿಗೆ ತಂದವನು ಪೌಲ. ಕ್ರಿ.ಶ. 50ರ ಸುಮಾರಿಗೆ ಅವನು ಕೊರಿಂಥ ಪಟ್ಟಣದಲ್ಲಿ ಒಂದೂವರೆ ವರ್ಷ ಇದ್ದ. ಪಟ್ಟಣಕ್ಕೆ ಸಮೀಪದ ಇಸ್ತ್ಮಿಯದಲ್ಲಿ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು. ಗೆದ್ದವರಿಗೆ ಎಲೆಗಳಿಂದ ಹೆಣೆದ ಕಿರೀಟ ಸಿಗುತ್ತಿತ್ತು, ಅದು ಕೆಲವು ದಿನಗಳಲ್ಲಿ ಬಾಡುತ್ತಿತ್ತು. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಪೌಲ ಆ ಓಟವನ್ನೂ, ಮುಷ್ಟಿಕಾಳಗವನ್ನೂ, ಬಾಡುವ ಕಿರೀಟವನ್ನೂ ನೆನೆದು, ಬಹುಮಾನ ಪಡೆಯುವವರಂತೆಯೇ ಓಡಿರಿ ಎಂದು ಹುರಿದುಂಬಿಸುತ್ತಾನೆ. ಅಲ್ಲಿ ಅವನಿಗೆ ಬೇಕಾಗಿದ್ದದ್ದು ಓಟಗಾರನ ಶಿಸ್ತು, ದೇಹವನ್ನು ಹದ್ದುಬಸ್ತಿನಲ್ಲಿಡುವ ಅಭ್ಯಾಸ, ಗುರಿಯಿಟ್ಟು ಓಡುವ ಗಟ್ಟಿತನ. ಎದುರಾಳಿಯನ್ನು ಬೀಳಿಸುವ ಮಾತು ಆ ಸಾಲುಗಳಲ್ಲಿ ಎಲ್ಲಿಯೂ ಇಲ್ಲ. ಅವನು ಬಗ್ಗಿಸಬೇಕೆಂದಿದ್ದದ್ದು ತನ್ನ ದೇಹವನ್ನೇ.

ಪೌಲನ ಸ್ವಂತ ನಡತೆ ಇದಕ್ಕೆ ಹೊಂದುತ್ತದೆ. ಕೊರಿಂಥದಲ್ಲಿ ಅವನು ಗುಡಾರ ಮಾಡುವ ಕಸುಬಿನಿಂದ ಹೊಟ್ಟೆ ಹೊರೆದ. ಅದೇ ಕಸುಬಿನ ಅಕ್ವಿಲ, ಪ್ರಿಸ್ಕಿಲ್ಲ ದಂಪತಿ ಅಲ್ಲಿದ್ದರು. ಮಾರುಕಟ್ಟೆಯ ಲೆಕ್ಕದಲ್ಲಿ ಅವರು ಅವನಿಗೆ ಪ್ರತಿಸ್ಪರ್ಧಿಗಳು. ಅವನು ಅವರ ಮನೆಯಲ್ಲೇ ಇಳಿದುಕೊಂಡು ಅವರ ಜತೆ ಕೂತು ದುಡಿದ. ಕೊರಿಂಥದ ಸಭೆಯಲ್ಲಿ ಪೌಲನ ಬಣ, ಇನ್ನೊಬ್ಬ ಬೋಧಕ ಅಪೊಲ್ಲೋಸನ ಬಣ ಎಂದು ಗುಂಪುಗಳಾದಾಗ, ತಾನು ನೆಟ್ಟ ಗಿಡಕ್ಕೆ ಅಪೊಲ್ಲೋಸ ನೀರು ಹೊಯ್ದನೆಂದೂ ಬೆಳೆಸಿದವನು ದೇವರೆಂದೂ ಬರೆದ. ಸೆರೆಯಲ್ಲಿದ್ದಾಗ ಕೆಲವರು ಅವನ ಮೇಲಿನ ಹೊಟ್ಟೆಕಿಚ್ಚಿನಿಂದಲೇ ಸುವಾರ್ತೆ ಸಾರುತ್ತಿದ್ದರು. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಅವನು ಅದನ್ನು ಹೇಳಿ, ಹೇಗಾದರೂ ಕ್ರಿಸ್ತನ ಹೆಸರು ಕೇಳಿಸುತ್ತಿದೆಯಲ್ಲ ಎಂದು ಸಂತೋಷಪಡುತ್ತಾನೆ. ಕೆಲಸ ಆಗುವುದು ಮುಖ್ಯ, ಯಾರ ಕೈಯಿಂದ ಆಯಿತು ಎಂಬುದು ಆಮೇಲಿನ ಮಾತು ಎನ್ನುವ ಮನಸ್ಸು ಇದು. ಗಲಾತ್ಯದವರಿಗೂ ಅವನ ಬುದ್ಧಿವಾದ ಇದೇ: ಪ್ರತಿಯೊಬ್ಬನೂ ತನ್ನ ಕೆಲಸವನ್ನು ತಾನೇ ಪರೀಕ್ಷಿಸಿ ನೋಡಲಿ, ಇನ್ನೊಬ್ಬನ ಪಕ್ಕದಲ್ಲಿ ಇಟ್ಟು ಅಳೆಯುವುದು ಬೇಡ.

ಸಂತೆಯಲ್ಲಿ ವಿಶ್ವಾಸ

ಮಾರುಕಟ್ಟೆಗೆ ಇಳಿದಾಗ ಈ ಬೋಧನೆ ಏನಾಯಿತು? 6ನೇ ಶತಮಾನದಲ್ಲಿ ಇಟಲಿಯ ಮೊಂಟೆ ಕ್ಯಾಸಿನೋದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠಕ್ಕೆ ನಿಯಮಾವಳಿ ಬರೆದ. ಅದರ 57ನೇ ಅಧ್ಯಾಯ ಕುಶಲಕರ್ಮಿ ಸನ್ಯಾಸಿಗಳ ಬಗ್ಗೆ. ಕಸುಬುಳ್ಳವರು ವಿನಯದಿಂದ ದುಡಿಯಲಿ, ತನ್ನಿಂದಲೇ ಮಠ ನಡೆಯುತ್ತಿದೆ ಎಂದು ಒಬ್ಬನ ತಲೆಗೆ ಏರಿದರೆ ಅವನನ್ನು ಆ ಕೆಲಸದಿಂದ ಬಿಡಿಸಬೇಕು ಎನ್ನುತ್ತದೆ ಒಂದು ನಿಯಮ. ಮಠದ ಸರಕನ್ನು ಮಾರುವಾಗ ಹೊರಗಿನವರ ಬೆಲೆಗಿಂತ ಸ್ವಲ್ಪ ಕಡಿಮೆಗೆ ಮಾರಬೇಕು, ಬೆಲೆ ಕಟ್ಟುವಲ್ಲಿ ದುರಾಸೆ ನುಸುಳಬಾರದು ಎನ್ನುತ್ತದೆ ಇನ್ನೊಂದು. ಸರಕು ಚೆನ್ನಾಗಿರಬೇಕು, ಮಾಡಿದವನು ಬೀಗಬಾರದು, ಕೊಂಡವನಿಗೆ ಹೊರೆಯಾಗಬಾರದು. ಈ ಮೂರನ್ನೂ ಒಟ್ಟಿಗೆ ಹಿಡಿದ ವ್ಯಾಪಾರನೀತಿ 1400 ವರ್ಷಗಳಿಗೂ ಹಿಂದೆ ಬರೆದದ್ದು.

17ನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ವೇಕರ್ ಪಂಥದವರು ಇದನ್ನು ಅಂಗಡಿಯ ಕಟ್ಟೆಗೆ ತಂದರು. ಆಗೆಲ್ಲ ಚೌಕಾಸಿಯೇ ರೂಢಿ. ಕೊಡಲು ಒಪ್ಪುವ ಬೆಲೆಗಿಂತ ಹೆಚ್ಚು ಹೇಳುವುದು ಸುಳ್ಳಾಗುತ್ತದೆ ಎಂದು ನಂಬಿದ ಕ್ವೇಕರರು ಒಂದೇ ಬೆಲೆ ಹೇಳಿದರು. ಚಿಕ್ಕ ಮಗುವನ್ನು ಕಳಿಸಿದರೂ ಮೋಸವಾಗದ ಅಂಗಡಿ ಎಂಬ ಹೆಸರು ಬಂದು ಗಿರಾಕಿಗಳು ಅವರ ಕಡೆ ತಿರುಗಿದರು. ಪೈಪೋಟಿಗಾಗಿ ಮಾಡದ ಪ್ರಾಮಾಣಿಕತೆ ಅವರನ್ನು ಪೈಪೋಟಿಯಲ್ಲಿ ಮುಂದೆ ತಂದಿತು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಬಾಗಿಲು ಬಹುಕಾಲ ಅವರಿಗೆ ಮುಚ್ಚಿದ್ದರಿಂದಲೂ ಅನೇಕರು ವ್ಯಾಪಾರಕ್ಕಿಳಿದರು. ಅವರಲ್ಲೊಬ್ಬನಾದ ಜಾನ್ ಕ್ಯಾಡ್‌ಬರಿ 1824ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಅಂಗಡಿ ತೆರೆದ. ಅವನ ಮಕ್ಕಳು 1879ರಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ಊರ ಹೊರಗಿನ ಬೋರ್ನ್‌ವಿಲ್‌ಗೆ ಸಾಗಿಸಿದರು, ಮುಂದೆ ಅಲ್ಲಿ ಕೈತೋಟವಿರುವ ಮನೆಗಳ ಹಳ್ಳಿಯೂ ಎದ್ದಿತು.

ಆದರೆ ಅದೇ ಕಂಪನಿಯ ಚರಿತ್ರೆಯಲ್ಲಿ ಕಹಿಯಾದ ಪಾಠವೂ ಇದೆ. ಅವರ ಕೋಕೋ ಬೀಜದ ದೊಡ್ಡ ಪಾಲು ಪೋರ್ಚುಗೀಸರ ವಶದಲ್ಲಿದ್ದ ಸಾವೊ ಟೋಮೆ ದ್ವೀಪದಿಂದ ಬರುತ್ತಿತ್ತು. ಅಲ್ಲಿ ಅಂಗೋಲಾದಿಂದ ತಂದ ಜನರನ್ನು ಗುಲಾಮರಂತೆ ದುಡಿಸುತ್ತಿದ್ದಾರೆಂಬ ಸುದ್ದಿ 1901ರಲ್ಲೇ ಆ ಮನೆತನದ ವಿಲಿಯಂ ಕ್ಯಾಡ್‌ಬರಿಯ ಕಿವಿಗೆ ಬಿತ್ತು. ವಿಚಾರಣೆ, ಪತ್ರವ್ಯವಹಾರಗಳಲ್ಲಿ ವರ್ಷಗಳು ಉರುಳಿ, 1909ರಲ್ಲಷ್ಟೇ ಕ್ಯಾಡ್‌ಬರಿ, ಫ್ರೈ, ರೌಂಟ್ರೀ ಎಂಬ ಮೂರೂ ಕ್ವೇಕರ್ ಕಂಪನಿಗಳು ಆ ಕೋಕೋವನ್ನು ಬಹಿಷ್ಕರಿಸಿದವು. ಕಂಪನಿಯ ಮೇಲೆ ಆಷಾಢಭೂತಿತನದ ಆರೋಪ ಹೊರಿಸಿದ ಪತ್ರಿಕೆಯೊಂದರ ವಿರುದ್ಧ ಕ್ಯಾಡ್‌ಬರಿಯವರು ಮಾನನಷ್ಟ ಮೊಕದ್ದಮೆ ಹೂಡಿ ಅದೇ ವರ್ಷ ಗೆದ್ದರು. ಜ್ಯೂರಿ ಕೊಡಿಸಿದ ಪರಿಹಾರ ಒಂದು ಫಾರ್ದಿಂಗ್, ಎಂದರೆ ಕಾಲು ಪೆನ್ನಿ. ಕಾರ್ಮಿಕರಿಗೆ ತೋಟದ ಮನೆ ಕಟ್ಟಿಸಿಕೊಟ್ಟ ಸಜ್ಜನರೂ ಸರಕಿನ ಮೂಲದ ಮುಂದೆ ಅಷ್ಟು ವರ್ಷ ಹಿಂದೆಮುಂದೆ ನೋಡಿದರು. ಕಣ್ಣೆದುರಿನ ಕಾರ್ಮಿಕನ ಮೇಲಿನ ಪ್ರೀತಿ ಕಡಲಾಚೆಯ ಕಾರ್ಮಿಕನನ್ನು ಮುಟ್ಟಲು ತಡವಾಯಿತು. ಗೆಲುವಿನ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂದು ವಿಶ್ವಾಸಿ ಉದ್ಯಮಿ ಕೇಳಲೇಬೇಕು, ಕೇಳಿ ಬಹುಬೇಗ ನಡೆದುಕೊಳ್ಳಬೇಕು.

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1904-05ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇನ್ನೊಂದು ಅಪಾಯ ಕಾಣುತ್ತದೆ. ದೇವರು ತನ್ನನ್ನು ಆರಿಸಿಕೊಂಡಿದ್ದಾನೋ ಇಲ್ಲವೋ ಎಂಬ ಆತಂಕದಲ್ಲಿದ್ದ ಕ್ಯಾಲ್ವಿನ್ ಪಂಥದವರು, ಕೆಲಸದಲ್ಲಿ ಕಂಡ ಏಳಿಗೆಯಲ್ಲಿ ಅದರ ಗುರುತು ಹುಡುಕಿದರು ಎಂಬುದು ಅವನ ವಾದದ ಒಂದು ಎಳೆ. ಈ ವಾದವನ್ನು ಚರಿತ್ರಕಾರರು ಇಂದಿಗೂ ಚರ್ಚಿಸುತ್ತಾರೆ. ಅದು ಎಷ್ಟರ ಮಟ್ಟಿಗೆ ನಿಜವಾದರೂ, ನಮಗೆ ಪರಿಚಿತವಾದ ಒಂದು ಮನಸ್ಥಿತಿಯನ್ನು ವೇಬರ್ ಹಿಡಿದಿದ್ದಾನೆ. ತಾನು ಮೆಚ್ಚುಗೆಗೆ ಪಾತ್ರ ಎಂಬುದನ್ನು ಕೆಲಸದ ಮೂಲಕ ಸಾಬೀತುಪಡಿಸಲು ಹೊರಟವನಿಗೆ ಸಾಕು ಎಂಬ ದಿನ ಬರುವುದಿಲ್ಲ.

ಜೆಪ್ಪುವಿನ ಹಂಚು

ವಿಶ್ವಾಸಿ ಸಂತೆಗಿಳಿದರೆ ಏನಾಗುತ್ತದೆ ಎಂಬ ಈ ಪ್ರಶ್ನೆ ಕನ್ನಡ ನಾಡಿಗೆ ಬಂದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮೂಲಕ. 1834ರಲ್ಲಿ ಅದರ ಮೊದಲ ಮಿಷನರಿಗಳು ಮಂಗಳೂರಿಗೆ ಬಂದರು. ಕ್ರೈಸ್ತರಾದವರಲ್ಲಿ ಅನೇಕರು ಜಾತಿಯ ಜತೆಗೆ ಕಸುಬನ್ನೂ, ಕುಟುಂಬದ ಆಸರೆಯನ್ನೂ, ಕೆಲವರು ಗೇಣಿಯ ಭೂಮಿಯನ್ನೂ ಕಳೆದುಕೊಂಡರು. ಅವರ ಹೊಟ್ಟೆಗೆ ದಾರಿ ಮಾಡಬೇಕಾಗಿ ಬಂದಾಗ ಮಿಷನ್ ನೇಯ್ಗೆ ಕಾರ್ಖಾನೆ, ಮುದ್ರಣಾಲಯಗಳನ್ನು ನಡೆಸಿತು. 1865ರಲ್ಲಿ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದ ಜೇಡಿಮಣ್ಣಿನಿಂದ ಯಂತ್ರದಲ್ಲಿ ಒತ್ತಿದ ಹಂಚು ಮಾಡುವ ಕಾರ್ಖಾನೆ ಶುರುಮಾಡಿದ. ಕುದ್ರೋಳಿ, ಮಲ್ಪೆ, ಕೇರಳದ ಫೆರೋಕ್, ಪಾಲಕ್ಕಾಡುಗಳಿಗೂ ಅದು ಹಬ್ಬಿತು.

ಮಿಷನ್ ಒಳಗೇ ಇದರ ಬಗ್ಗೆ ದೊಡ್ಡ ಚರ್ಚೆ ನಡೆಯಿತು. ಸುವಾರ್ತೆ ಸಾರಲು ಬಂದವರು ಹಂಚು ಮಾರಬಹುದೇ, ಲಾಭ ನೋಡಬಹುದೇ? ವ್ಯಾಪಾರಕ್ಕೆಂದು 1859ರಲ್ಲಿ ಬೇರೆಯೇ ಕಂಪನಿ ಕಟ್ಟಿ, ಅದರ ಲಾಭ ಮಿಷನ್ ಕೆಲಸಕ್ಕೆ ಹೋಗುವಂತೆ ಮಾಡಿಕೊಂಡರು. ಹಂಚಿನ ಕೆಲಸ ಚೆನ್ನಾಗಿ ಕುದುರಿದ ಮೇಲೆ ಊರಿನ ಕ್ಯಾಥೊಲಿಕ್ ಮತ್ತು ಹಿಂದೂ ಉದ್ಯಮಿಗಳೂ ಕಾರ್ಖಾನೆ ಹಾಕಿದರು. ನೇತ್ರಾವತಿ, ಗುರುಪುರ ನದಿಗಳ ದಡದಲ್ಲಿ ಸಾಲು ಸಾಲು ಹೊಗೆಗೊಳವೆಗಳು ಎದ್ದವು. ಯಾರು ಮಾಡಿದರೂ ಅದಕ್ಕೆ ಮಂಗಳೂರು ಹಂಚು ಎಂದೇ ಹೆಸರಾಯಿತು. ಏಕಸ್ವಾಮ್ಯವನ್ನೇ ಗೆಲುವೆಂದು ಎಣಿಸುವವನಿಗೆ ಇದು ಸೋಲು. ಊರಿನ ಜನರಿಗೆ ಕೆಲಸ, ಬಡವನ ಮನೆಗೆ ಸೋರದ ಮಾಡು ಬೇಕೆಂದವನಿಗೆ, ಪ್ರತಿ ಹೊಸ ಕಾರ್ಖಾನೆಯೂ ತನ್ನ ಕೆಲಸದ ಮುಂದುವರಿಕೆ. ಮಿಷನ್ ತನ್ನ ಕಾರ್ಮಿಕರನ್ನು ತನ್ನ ಮೇಲೆಯೇ ಅವಲಂಬಿಸಿಕೊಂಡಿರುವಂತೆ ಮಾಡಿತೆಂಬ ಟೀಕೆಯೂ ಇದೆ, ಅದರಲ್ಲಿ ಹುರುಳೂ ಇದೆ. ಮೊದಲ ಮಹಾಯುದ್ಧದ ಸಮಯದಲ್ಲಿ ಬ್ರಿಟಿಷ್ ಸರ್ಕಾರ ಕಾರ್ಖಾನೆಗಳನ್ನು ಮಿಷನ್ನಿನ ಕೈಯಿಂದ ತೆಗೆದುಕೊಂಡಿತು. ಹಂಚಿನ ಕಸುಬು ಮಾತ್ರ ಕರಾವಳಿಯ ಎಲ್ಲ ಜಾತಿಮತಗಳ ಮನೆಗಳಿಗೆ ಅನ್ನ ಹಾಕುತ್ತಾ ಇನ್ನೂ ಹಲವು ದಶಕ ನಡೆಯಿತು.

ಅಂಗಳದ ನಿಯಮ, ಅಂಗಳದ ಮನುಷ್ಯ

ಪೈಪೋಟಿ ಹೇಗಿರಬೇಕೆಂದು ಯೋಚಿಸಿ ಹೊಸ ಆಟವನ್ನೇ ಕಟ್ಟಿದ ಕ್ರೈಸ್ತನೊಬ್ಬ ಇದ್ದ. ಜೇಮ್ಸ್ ನೈಸ್ಮಿತ್ ಮಾಂಟ್ರಿಯಲ್‌ನಲ್ಲಿ ದೈವಶಾಸ್ತ್ರ ಓದಿದವನು. ಪಾದ್ರಿಯ ಕೆಲಸಕ್ಕೆ ಹೋಗುವ ಬದಲು ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆ ಸೇರಿದ. 1891ರ ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲು ಒಂದು ಆಟ ಬೇಕಾಯಿತು. ಹೊರಗಿನ ಆಟಗಳಲ್ಲಿ ಗುದ್ದಾಟ, ಎಳೆದಾಟ ಜಾಸ್ತಿ. ಚೆಂಡು ಹಿಡಿದು ಓಡುವುದನ್ನು ನಿಷೇಧಿಸಿದರೆ ಕೆಡವುವ ಅಗತ್ಯವಿರುವುದಿಲ್ಲ, ಗುರಿಯನ್ನು ತಲೆಗಿಂತ ಎತ್ತರಕ್ಕಿಟ್ಟರೆ ಬಲಕ್ಕಿಂತ ಹದ ಬೇಕಾಗುತ್ತದೆ ಎಂದು ಅವನು ಯೋಚಿಸಿದ. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಕಟ್ಟಿ, 13 ನಿಯಮ ಬರೆದ. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಹೀಗೆ. 1895ರಲ್ಲಿ ವಿಲಿಯಂ ಮಾರ್ಗನ್ ಎಂಬ ವೈಎಂಸಿಎ ಶಿಕ್ಷಕ, ನಡುವೆ ಬಲೆ ಕಟ್ಟಿ ಆಡುವ ವಾಲಿಬಾಲ್ ರೂಪಿಸಿದ. ನಮ್ಮ ಹಳ್ಳಿಗಳ ಶಾಲೆಯ ಬಯಲಿನಲ್ಲಿ ಸಂಜೆ ಆಡುವ ಹುಡುಗರಿಗೆ ಅದರ ಮೂಲ ತಿಳಿದಿರಲಿಕ್ಕಿಲ್ಲ. ಸ್ಪರ್ಧೆ ಹಿಂಸೆಗೆ ತಿರುಗುತ್ತಿದ್ದರೆ ಸ್ಪರ್ಧಿಗಳಿಗೆ ಬುದ್ಧಿ ಹೇಳಿದರಷ್ಟೇ ಸಾಲದು, ನಿಯಮವನ್ನೇ ಬೇರೆ ಮಾಡಬೇಕು ಎಂಬುದನ್ನು ನೈಸ್ಮಿತ್ ತೋರಿಸಿದ.

ಅಂಗಳದ ಮನುಷ್ಯ ಹೇಗಿರಬೇಕೆಂಬುದಕ್ಕೆ ಎರಿಕ್ ಲಿಡೆಲ್ ಇದ್ದಾನೆ. 1902ರಲ್ಲಿ ಚೀನಾದ ಟಿಯಾಂಜಿನ್‌ನಲ್ಲಿ ಸ್ಕಾಟಿಷ್ ಮಿಷನರಿಗಳ ಮಗನಾಗಿ ಹುಟ್ಟಿದವನು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವನ ಮೆಚ್ಚಿನ 100 ಮೀಟರ್ ಓಟದ ಮೊದಲ ಸುತ್ತು ಭಾನುವಾರ ಬಂತು. ಭಾನುವಾರ ಓಡುವುದಿಲ್ಲ ಎಂದು ಅವನು ಆ ಸ್ಪರ್ಧೆಯನ್ನೇ ಬಿಟ್ಟ. 200 ಮೀಟರ್‌ನಲ್ಲಿ ಕಂಚು, 400 ಮೀಟರ್‌ನಲ್ಲಿ 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದ. ಈ ಕಥೆಯನ್ನು 1981ರ ‘ಚಾರಿಯಟ್ಸ್ ಆಫ್ ಫೈರ್’ ಚಿತ್ರ ಜಗತ್ತಿಗೆ ಹೇಳಿತು.

ಲಿಡೆಲ್‌ನ ವಿಷಯದಲ್ಲಿ ನನಗೆ ಪದಕಕ್ಕಿಂತ ದೊಡ್ಡದಾಗಿ ಕಾಣುವ ಸಂಗತಿಗಳು ಬೇರೆ. ಓಟಕ್ಕೆ ಮುಂಚೆ ಎದುರಾಳಿಗಳ ಕೈಕುಲುಕುವುದು ಅವನ ರೂಢಿ. 1923ರಲ್ಲಿ 440 ಗಜದ ಓಟವೊಂದರ ಆರಂಭದಲ್ಲೇ ತಳ್ಳಿಸಿಕೊಂಡು ಬಿದ್ದವನು, ಎದ್ದು, ಸುಮಾರು 20 ಗಜ ಹಿಂದಿನಿಂದ ಓಡಿ ಗೆದ್ದ. ಭಾನುವಾರ ಬಿಟ್ಟುಕೊಟ್ಟವನಲ್ಲಿ ಹೋರಾಡುವ ಛಲಕ್ಕೆ ಕೊರತೆ ಇರಲಿಲ್ಲ. ಒಲಿಂಪಿಕ್ಸ್ ಮುಗಿದ ಮರುವರ್ಷ, ಓಟಗಾರನ ಕೀರ್ತಿ ಉತ್ತುಂಗದಲ್ಲಿದ್ದಾಗ, ಶಿಕ್ಷಕನಾಗಿ ಚೀನಾಕ್ಕೆ ಹೊರಟ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಅವನನ್ನು ವೈಷಿಯನ್ ಬಂದಿ ಶಿಬಿರದಲ್ಲಿಟ್ಟರು. ಅಲ್ಲಿ ಮಕ್ಕಳಿಗೆ ಪಾಠ ಹೇಳಿಕೊಟ್ಟ, ಆಟ ಆಡಿಸಿದ. ಭಾನುವಾರ ಆಟ ಬೇಡವೆಂಬ ಅವನ ನಿಲುವು ಅಲ್ಲಿಯೂ ಇತ್ತು. ಮಕ್ಕಳು ತಾವೇ ಹಾಕಿ ಆಡಲು ಹೋಗಿ ಹೊಡೆದಾಡಿಕೊಂಡಾಗ ಮಾತ್ರ ಅವನು ತೀರ್ಪುಗಾರನಾಗಿ ಅಂಗಳಕ್ಕಿಳಿದ. ಒಲಿಂಪಿಕ್ ಚಿನ್ನಕ್ಕಾಗಿ ಬಿಡದ ನಿಯಮವನ್ನು ಮಕ್ಕಳ ಸಲುವಾಗಿ ಬಿಟ್ಟ. 1945ರ ಫೆಬ್ರುವರಿಯಲ್ಲಿ, ಯುದ್ಧ ಮುಗಿಯುವ ಮುನ್ನ, ಮೆದುಳಿನ ಗಡ್ಡೆಯಿಂದ ಅದೇ ಶಿಬಿರದಲ್ಲಿ ತೀರಿಕೊಂಡ. ಗೆಲುವಿಗೆ ಅಂಟಿಕೊಳ್ಳದವನು ತನ್ನ ನಿಷ್ಠೆಯ ಹೆಮ್ಮೆಗೂ ಅಂಟಿಕೊಳ್ಳಲಿಲ್ಲ.

ಕಚೇರಿಯಲ್ಲಿ, ಶಾಲೆಯಲ್ಲಿ

ಇನ್ನು ನಮ್ಮ ದಿನಗಳಿಗೆ ಬರೋಣ. ಕಂಪನಿಗಳಲ್ಲಿ ನೌಕರರನ್ನು ಒಬ್ಬರ ಎದುರು ಒಬ್ಬರನ್ನಿಟ್ಟು ಶ್ರೇಣಿ ಕೊಡುವ ಪದ್ಧತಿ ಬಹುಕಾಲ ಇತ್ತು, ಕೆಲವೆಡೆ ಈಗಲೂ ಇದೆ. ತಂಡದ ಹತ್ತೂ ಮಂದಿ ಚೆನ್ನಾಗಿ ದುಡಿದಿದ್ದರೂ ಇಂತಿಷ್ಟು ಮಂದಿಯನ್ನು ಕೆಳಗೆ ಹಾಕಲೇಬೇಕು. ಆಗ ಗೊತ್ತಿದ್ದುದನ್ನು ಹೇಳಿಕೊಡದಿರುವುದೇ ಜಾಣತನವಾಗುತ್ತದೆ. ಮೈಕ್ರೋಸಾಫ್ಟ್ 2013ರಲ್ಲಿ ಈ ಪದ್ಧತಿಯನ್ನು ಕೈಬಿಟ್ಟಿತು. ಮೇಲಧಿಕಾರಿಯ ಕುರ್ಚಿಯಲ್ಲಿರುವ ವಿಶ್ವಾಸಿಗೆ ನೈಸ್ಮಿತ್‌ನ ಪಾಠ ಇಲ್ಲಿ ಅನ್ವಯಿಸುತ್ತದೆ. ಕೆಳಗಿನವರಿಗೆ ಪ್ರೀತಿಯಿಂದಿರಿ ಎಂದು ಹೇಳುತ್ತಾ ಅವರನ್ನು ಕಚ್ಚಾಡಿಸುವ ನಿಯಮವನ್ನು ಹಾಗೆಯೇ ಇಟ್ಟುಕೊಳ್ಳುವುದು ಸರಿಯಲ್ಲ.

ನಿಯಮ ಬದಲಿಸುವ ಅಧಿಕಾರವಿಲ್ಲದವರೂ ಮಾಡಬಹುದಾದ ಕೆಲಸಗಳಿವೆ. ಇನ್ನೊಬ್ಬರ ಕೆಲಸಕ್ಕೆ ಅವರ ಹೆಸರನ್ನೇ ಹೇಳುವುದು, ಮೇಲಿನವರ ಮುಂದೆಯೂ ಹೇಳುವುದು. ಹೊಸದಾಗಿ ಸೇರಿದವರಿಗೆ ಗುಟ್ಟು ಇಟ್ಟುಕೊಳ್ಳದೆ ಕಲಿಸುವುದು. ತೂಕದಲ್ಲಿ, ಬಿಲ್ಲಿನಲ್ಲಿ, ಟೆಂಡರಿನಲ್ಲಿ ಸುಳ್ಳು ಬರೆಯದಿರುವುದು, ಅದರಿಂದ ಆರ್ಡರ್ ತಪ್ಪಿದರೂ ಸರಿ. ಎದುರು ಅಂಗಡಿ ಬಾಗಿಲು ಹಾಕಿದ ದಿನ ಮನಸ್ಸಿನಲ್ಲಿ ಹಬ್ಬ ಮಾಡದಿರುವುದು. ವಾರದಲ್ಲಿ ಒಂದು ದಿನ ಫೋನು, ಲ್ಯಾಪ್‌ಟಾಪು ಮುಚ್ಚಿ, ನಾನಿಲ್ಲದಿದ್ದರೂ ಲೋಕ ನಡೆಯುತ್ತದೆ ಎಂದು ಒಪ್ಪಿಕೊಳ್ಳುವುದು. ಇವುಗಳಿಂದ ನಷ್ಟವೇ ಆಗುವುದಿಲ್ಲ ಎಂದು ನಾನು ಹೇಳಲಾರೆ. ಕ್ವೇಕರರಿಗೆ ಲಾಭವಾಯಿತು, ಎಲ್ಲರಿಗೂ ಆಗಬೇಕೆಂದಿಲ್ಲ. ನಷ್ಟವಾದರೂ ಕುಗ್ಗದಿರುವ ಬಲಕ್ಕಾಗಿಯೇ ವಿಶ್ವಾಸ ಬೇಕಾಗುವುದು.

ಒಂದು ಎಚ್ಚರಿಕೆಯನ್ನು ಇಲ್ಲಿ ಒತ್ತಿ ಹೇಳಬೇಕು. ವಿನಯದ ಬೋಧನೆಯನ್ನು ಕೆಳಗಿರುವವರಿಗೆ ಮಾತ್ರ ಮಾಡುವ ಚಾಳಿ ಸಮಾಜದಲ್ಲೂ ಇದೆ, ಸಭೆಯಲ್ಲೂ ಇದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿಗೆ, ಕೂಲಿಯವನ ಮಗನಿಗೆ, ದಲಿತ ಕ್ರೈಸ್ತ ಯುವಕನಿಗೆ ಸ್ಪರ್ಧಾತ್ಮಕ ಪರೀಕ್ಷೆ ಮುಚ್ಚಿದ ಬಾಗಿಲನ್ನು ತೆರೆಯುವ ಕೀಲಿಕೈ. 1950ರ ರಾಷ್ಟ್ರಪತಿ ಆದೇಶ ಮೊದಲು ಹಿಂದೂಗಳಿಗಷ್ಟೇ ಅನುಸೂಚಿತ ಜಾತಿಯ ಸ್ಥಾನ ಕೊಟ್ಟಿತು, 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿತು, ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಜಾತಿಯ ಏಟು ತಪ್ಪದೆ, ಅದರ ಪರಿಹಾರವೂ ಸಿಗದೆ ಓಡುತ್ತಿರುವವರಿಗೆ ಆಸೆಯೇ ಪಾಪವೆಂದು ಬೋಧಿಸುವುದು ಅನ್ಯಾಯ. ತಲಾಂತನ್ನು ಹೂಳಬೇಡ ಎಂಬ ಸಾಮ್ಯವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ದ್ರಾಕ್ಷೇತೋಟದ ಸಾಮ್ಯವನ್ನು ಮುಂದಿನ ಸಾಲಿನಲ್ಲಿ ಕುಳಿತ ನಾವು ಕೇಳಿಸಿಕೊಳ್ಳಬೇಕು.

ಒಳ್ಳೆಯ ಪೈಪೋಟಿಯ ಅಭ್ಯಾಸ ನಮ್ಮ ಸಭೆಗಳಲ್ಲಿ ಇಲ್ಲದೇ ಇಲ್ಲ. ಸುಗ್ಗಿಯ ಕೃತಜ್ಞತಾ ಹಬ್ಬದಲ್ಲಿ ತೋಟದ ಬಾಳೆಗೊನೆ, ಕುಂಬಳಕಾಯಿ, ಭತ್ತ ತಂದು ದೇವರಿಗೆ ಅರ್ಪಿಸಿ ಆಮೇಲೆ ಏಲಂ ಹಾಕುತ್ತಾರೆ. ಸಂತೆಯಲ್ಲಿ ಅಗ್ಗವಾಗಿ ಸಿಗುವ ಕಾಯಿಯ ಬೆಲೆ ಅಲ್ಲಿ ಸಾವಿರ ದಾಟುವುದುಂಟು. ಗೆದ್ದವನು ಅದನ್ನು ಮತ್ತೆ ಸಭೆಗೇ ಕೊಟ್ಟು ಇನ್ನೊಮ್ಮೆ ಏಲಂ ಹಾಕಿಸುವುದೂ ಉಂಟು. ಸರೀಕರ ಮುಂದೆ ದೊಡ್ಡಸ್ತಿಕೆ ತೋರುವ ಚಪಲ ಅಲ್ಲಿಗೂ ನುಸುಳಬಹುದು. ಆದರೆ ಆ ಏಲಂ ನಡೆಯುವ ಉದ್ದೇಶ ಹೆಚ್ಚು ಕೊಡುವುದರಲ್ಲಿ ಒಬ್ಬರನ್ನೊಬ್ಬರು ಮೀರುವುದು. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲ ಇದನ್ನೇ ಕೇಳಿಕೊಂಡಿದ್ದಾನೆ: ಮೀರುವುದಾದರೆ ಇನ್ನೊಬ್ಬರಿಗೆ ಮರ್ಯಾದೆ ತೋರುವುದರಲ್ಲಿ ಮೀರಿ.

ಹಾಗಾಗಿ ಕ್ರೈಸ್ತ ಸಂಸ್ಥೆಗಳನ್ನು ನಡೆಸುವವರಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಕರ್ನಾಟಕದಲ್ಲಿ ಜಾತಿ ನೋಡದೆ ಅಕ್ಷರ ಕಲಿಸಿದ ಶಾಲೆಗಳ ಪರಂಪರೆ ನಮ್ಮ ಹೆಮ್ಮೆ. ಇಂದು ಫಲಿತಾಂಶದ ದಿನ ರ್‍ಯಾಂಕು ಬಂದವರ ಫೋಟೊ ಹಾಕಿದ ಫ್ಲೆಕ್ಸ್ ಕಟ್ಟುವ ಪೈಪೋಟಿಗೆ ಶಾಲೆಗಳು ಬಿದ್ದಿವೆ. ನೂರಕ್ಕೆ ನೂರು ಫಲಿತಾಂಶ ಬೇಕೆಂದು ಹಿಂದುಳಿದ ಮಕ್ಕಳನ್ನು ಒಂಬತ್ತನೆಯ ತರಗತಿಯಲ್ಲೇ ಬೇರೆ ಶಾಲೆಗೆ ದಾಟಿಸುವ ಕಡೆಗಳೂ ಇವೆ. ಶಿಲುಬೆಯ ಗುರುತಿರುವ ಶಾಲೆಯಲ್ಲಿ ಇದು ನಡೆಯಕೂಡದು. ಪಾಸಾಗುವಷ್ಟು ಅಂಕಕ್ಕೆ ಹೆಣಗುವ ಮಗುವನ್ನು ಕೊನೆಯವರೆಗೆ ಉಳಿಸಿಕೊಂಡು, ಪಾಸು ಮಾಡಿಸಿ ಕಳಿಸಿದ ಮೇಷ್ಟ್ರಿಗೆ, ಟೀಚರಿಗೆ ಸಭೆಯ ಮುಂದೆ ಶಾಲು ಹೊದಿಸಿ. ರ್‍ಯಾಂಕು ಪಡೆದ ಮಗುವಿಗೂ ಹೆಣಗಿ ಪಾಸಾದ ಮಗುವಿಗೂ ಆ ಇಬ್ಬರು ಆಳುಗಳಿಗೆ ಸಿಕ್ಕಂತೆ ಒಂದೇ ಮೆಚ್ಚುಗೆಯ ಮಾತು ಹೇಳಿ. ಮುಂದಿನ ಫಲಿತಾಂಶದ ಹೊತ್ತಿಗೆ ಒಂದು ಶಾಲೆಯಾದರೂ ಇದನ್ನು ಮಾಡಿದರೆ, ಕ್ರಿಸ್ತವಿಶ್ವಾಸ ಪೈಪೋಟಿಯ ಬಗ್ಗೆ ಏನು ಹೇಳುತ್ತದೆ ಎಂದು ಊರು ನಮ್ಮನ್ನು ಕೇಳಬೇಕಾಗಿ ಬರುವುದಿಲ್ಲ.